ಟ್ರ್ಯಾಕ್ ಸವಾರಿಗೆ ಬೈಕ್ ಸಿದ್ಧಪಡಿಸುವ ಬಗೆ: ಮೊದಲು ಬ್ರೇಕು, ಕೊನೆಗೆ ಎಂಜಿನ್ನು

ರಸ್ತೆಯ ಬೈಕನ್ನು ರೇಸ್ ಟ್ರ್ಯಾಕಿಗೆ ಅಣಿಗೊಳಿಸಬೇಕೆಂದಿರುವ ಓದುಗರು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: ಮೊದಲು ಯಾವುದಕ್ಕೆ ಹಣ ಹಾಕಬೇಕು? ಕೇಳುವವರಲ್ಲಿ ಬಹಳ ಮಂದಿ ಉತ್ತರವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಇರುತ್ತಾರೆ. ಅದು ಸಾಮಾನ್ಯವಾಗಿ ಸೈಲೆನ್ಸರ್ ಬದಲಿಸುವುದು ಅಥವಾ ಎಂಜಿನ್ನಿನ ಶಕ್ತಿ ಹೆಚ್ಚಿಸುವುದು. ನನ್ನ ಉತ್ತರ ಅದಕ್ಕೆ ನೇರ ವಿರುದ್ಧವಾದುದು. ಬೈಕು ಮೊದಲು ನಿಲ್ಲಬೇಕು, ಆಮೇಲೆ ನೆಲವನ್ನು ಹಿಡಿಯಬೇಕು, ಆಮೇಲೆ ಸವಾರನ ಮೈಗೆ ಹೊಂದಬೇಕು. ಅದರಿಂದ ಒಂದು ಹನಿ ಎಣ್ಣೆಯೂ ಟ್ರ್ಯಾಕಿನ ಮೇಲೆ ಬೀಳಬಾರದು. ಇಷ್ಟೂ ಆದ ಮೇಲೆ ಹಣ ಉಳಿದಿದ್ದರೆ ಎಂಜಿನ್ನಿನ ಮಾತು.

ಈ ಕ್ರಮಕ್ಕೆ ಕಾರಣವಿದೆ. ಊರಿನ ರಸ್ತೆಯಲ್ಲಿ ಪೂರ್ತಿ ಬಲದಿಂದ ಬ್ರೇಕ್ ಹಿಡಿಯುವ ಸಂದರ್ಭ ಅಪರೂಪಕ್ಕೆ ಬರುತ್ತದೆ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲೂ ಹಲವು ಸಲ, ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದೆ, ಅದೇ ಬಲದಿಂದ ಹಿಡಿಯಬೇಕಾಗುತ್ತದೆ. ರಸ್ತೆಯಲ್ಲಿ ವರ್ಷಗಟ್ಟಲೆ ಬಯಲಾಗದ ದೋಷ ಇಲ್ಲಿ ಎರಡನೆಯ ಸೆಷನ್ನಿನಲ್ಲೇ, ಅಂದರೆ ಟ್ರ್ಯಾಕಿಗೆ ಎರಡನೆಯ ಸಲ ಇಳಿದಾಗಲೇ, ಬಯಲಾಗುತ್ತದೆ. ಅಲ್ಲದೆ ನಿಮ್ಮ ಬೈಕಿನಿಂದ ಸೋರಿದ ಎಣ್ಣೆಯ ಮೇಲೆ ಜಾರುವವರು ನಿಮ್ಮ ಹಿಂದೆ ಬರುತ್ತಿರುವ ಸವಾರರು ಎಂಬುದನ್ನು ಮರೆಯಬಾರದು.

ಬೆಂಗಳೂರು, ಮೈಸೂರು ಕಡೆಯ ಸವಾರರು ಹೆಚ್ಚಾಗಿ ಹೋಗುವುದು ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟಿಗೆ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. ಮೊದಲನೆಯದು ಸುಮಾರು 3.7 ಕಿ.ಮೀ. ಉದ್ದದ್ದು, ಎರಡನೆಯದು ಸುಮಾರು 2.1 ಕಿ.ಮೀ. ಇವೆರಡರಲ್ಲೂ ಕಲಿಯಲು 150ರಿಂದ 400 ಸಿಸಿಯೊಳಗಿನ ಬೈಕು ಸಾಕು. ಯಮಾಹಾ ಆರ್15, ಟಿವಿಎಸ್ ಅಪಾಚೆ ಆರ್‌ಆರ್ 310, ಕೆಟಿಎಂ ಆರ್‌ಸಿ 390 ಇವುಗಳಲ್ಲಿ ಯಾವುದಾದರೂ ಆದೀತು. ಬಿದ್ದಾಗ ಬದಲಿಸಬೇಕಾದ ಭಾಗಗಳು ಇಲ್ಲೇ ಸಿಗುತ್ತವೆ, ಟೈರು ಬೇಗ ಸವೆಯುವುದಿಲ್ಲ, ತಿರುವಿನಲ್ಲಿ ವೇಗ ಉಳಿಸಿಕೊಳ್ಳುವುದನ್ನು ಕಡಿಮೆ ಶಕ್ತಿಯ ಬೈಕು ಕಲಿಸುವಷ್ಟು ದೊಡ್ಡ ಬೈಕು ಕಲಿಸುವುದಿಲ್ಲ.

1. ರಸ್ತೆಗೂ ಬೇಕೇ, ಟ್ರ್ಯಾಕಿಗೆ ಮಾತ್ರವೇ ಎಂಬುದನ್ನು ಮೊದಲು ತೀರ್ಮಾನಿಸಿ

ಮುಂದಿನ ಪ್ರತಿಯೊಂದು ಖರ್ಚೂ ಈ ತೀರ್ಮಾನದ ಮೇಲೆ ನಿಂತಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಕನ್ನಡಿ, ಇಂಡಿಕೇಟರ್, ಸೀರೆ ಗಾರ್ಡ್, ನಂಬರ್ ಪ್ಲೇಟ್ ಇಲ್ಲದ ಬೈಕನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇದೇ ಬೈಕಿನಲ್ಲಿ ಸೋಮವಾರ ಕಚೇರಿಗೂ ಹೋಗಬೇಕೆಂದಿದ್ದರೆ, ಬಿಚ್ಚಿ ಮತ್ತೆ ಹಾಕಬಹುದಾದ ಬದಲಾವಣೆಗಳಿಗೆ ಮಾತ್ರ ಕೈಹಾಕಿ: ಬ್ರೇಕ್ ಆಯಿಲ್, ಪ್ಯಾಡ್, ಟೈರು, ಸಸ್ಪೆನ್ಷನ್ ಹೊಂದಾಣಿಕೆ. ಮೊದಲ ವರ್ಷಕ್ಕೆ ಇಷ್ಟು ಧಾರಾಳವಾಯಿತು. ಟ್ರ್ಯಾಕಿಗೆ ಮಾತ್ರ ಎಂದಾದರೆ ಬೈಕನ್ನು ವಾಹನದಲ್ಲಿ ಹೇರಿಕೊಂಡು ಹೋಗುವ ವ್ಯವಸ್ಥೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ವಿಮೆಯ ಪಾಲಿಸಿಯನ್ನೂ ಓದಿಕೊಳ್ಳಿ. ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆಗಳಲ್ಲಿ ಆಗುವ ಹಾನಿಗೆ ನಮ್ಮಲ್ಲಿನ ಸಾಮಾನ್ಯ ವಾಹನ ವಿಮೆ ಪರಿಹಾರ ಕೊಡುವುದಿಲ್ಲ.

2. ಬೈಕಿನ ಈಗಿನ ಆರೋಗ್ಯವನ್ನು ತಿಳಿಯಿರಿ

ಹೊಸ ಭಾಗ ಜೋಡಿಸುವ ಮೊದಲು ಇರುವ ಭಾಗಗಳು ಸರಿಯಾಗಿವೆಯೇ ಎಂದು ನೋಡಬೇಕು. ಬೈಕನ್ನು ಪ್ಯಾಡಾಕ್ ಸ್ಟ್ಯಾಂಡಿನ ಮೇಲೆ, ಅಂದರೆ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಮುಂದಿನ ಚಕ್ರ ಎತ್ತಿದಾಗ ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳ, ಕೆಳತುದಿಯನ್ನು ಹಿಡಿದು ಹಿಂದೆ ಮುಂದೆ ಎಳೆಯಿರಿ. ಕಟಕ್ ಎಂಬ ಸಡಿಲು ಕೈಗೆ ತಿಳಿದರೆ ಹ್ಯಾಂಡಲ್ ತಿರುಗುವ ಕಡೆಯ ಕೋನ್ ಸೆಟ್ ಸವೆದಿದೆ ಅಥವಾ ಸಡಿಲವಾಗಿದೆ. ಹ್ಯಾಂಡಲ್ ನೇರವಾಗಿದ್ದಾಗ ಒಂದು ಕಡೆ ಕಚ್ಚಿ ನಿಲ್ಲುವಂತಿದ್ದರೂ ಅದನ್ನು ಬದಲಿಸಬೇಕು, ಏಕೆಂದರೆ ನಮ್ಮ ಗುಂಡಿ ರಸ್ತೆಗಳಲ್ಲಿ ಈ ಬೇರಿಂಗ್ ಹಾಳಾಗುವುದು ಬೇಗ. ಚಕ್ರದ ಬೇರಿಂಗ್, ಸ್ವಿಂಗ್ ಆರ್ಮಿನ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ) ಬುಷ್, ಫೋರ್ಕಿನ ಆಯಿಲ್ ಸೀಲ್, ರಿಮ್ಮಿನ ಬಾಗು ಇವನ್ನೂ ಹೀಗೆಯೇ ನೋಡಿ. ವಾಲ್ವ್ ಕ್ಲಿಯರೆನ್ಸ್, ಅಂದರೆ ಎಂಜಿನ್ ವಾಲ್ವಿನ ತುದಿಯಲ್ಲಿ ಬಿಟ್ಟಿರುವ ಸಣ್ಣ ಸಂದು, ಯಾವಾಗ ನೋಡಿಸಿದ್ದೆಂದು ನೆನಪಿಲ್ಲದಿದ್ದರೆ ಈಗಲೇ ನೋಡಿಸಿ. ಎಂಜಿನ್ ಆಯಿಲ್ ಹೊಸದಿರಲಿ, ಮಟ್ಟ ಮೇಲಿನ ಗುರುತಿನ ಹತ್ತಿರವಿರಲಿ. ಡಬ್ಬಿಯ ಮೇಲೆ ಜೆಎಎಸ್ಒ ಎಂಎ ಅಥವಾ ಎಂಎ2 ಎಂಬ ಗುರುತು ಇರಬೇಕು. ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ ಜಾರದಂತೆ ತಯಾರಿಸಿದ ಎಣ್ಣೆಗೆ ಈ ಗುರುತು ಇರುತ್ತದೆ.

ಬಿಚ್ಚಿದ ಬೋಲ್ಟನ್ನು ಟಾರ್ಕ್ ವ್ರೆಂಚಿನಿಂದಲೇ ಬಿಗಿಯಿರಿ. ಇದು ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆಂದು ಅಳೆದು ತೋರಿಸುವ ಪಾನಾ. ಅಲ್ಯೂಮಿನಿಯಂ ಎಂಜಿನ್ ಕೇಸಿನ ಡ್ರೇನ್ ಬೋಲ್ಟನ್ನು ಕೈಬಲದಿಂದ ಬಿಗಿದು ಅದರ ಮರೆ (ಥ್ರೆಡ್) ಕೀಳಿಸಿಕೊಂಡವರು ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತಾರೆ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ ಎಂದು ದೂರದಿಂದಲೇ ತಿಳಿಯುತ್ತದೆ.

3. ಬ್ರೇಕು

ಟ್ರ್ಯಾಕ್ ಬೈಕಿಗೆ ಮಾಡುವ ಖರ್ಚಿನಲ್ಲಿ ಅತ್ಯಂತ ಕಡಿಮೆ ಹಣಕ್ಕೆ ಅತ್ಯಂತ ಹೆಚ್ಚು ಪ್ರಯೋಜನ ಕೊಡುವುದು ಬ್ರೇಕ್ ಆಯಿಲ್ ಬದಲಾವಣೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ತೇವ ಸೇರುತ್ತ ಹೋದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವಂತಿಲ್ಲ. ಅದೇ ಆಯಿಲ್ ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 5.1 ದರ್ಜೆಯಲ್ಲಿ ಇದೇ ಮಿತಿಗಳು 260 ಮತ್ತು 180 ಡಿಗ್ರಿ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನಲ್ಲಿ ಆಯಿಲ್ ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ, ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಹೀಗಾಗಿ ಲಿವರ್ ಹ್ಯಾಂಡಲ್‌ವರೆಗೆ ಬಂದರೂ ಬೈಕು ನಿಲ್ಲುವುದಿಲ್ಲ. ಆದ್ದರಿಂದ ಮಳೆಗಾಲ ಕಳೆದ ಮೇಲೆ ಟ್ರ್ಯಾಕಿಗೆ ಹೋಗುವುದಿದ್ದರೆ ಆಯಿಲ್ ಬದಲಿಸಿಯೇ ಹೋಗಿ, ಮುಚ್ಚಳ ಒಡೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯದನ್ನು ಹಾಕಬೇಡಿ. ಡಾಟ್ 5 ಎಂದಷ್ಟೇ ಬರೆದಿರುವುದು ಸಿಲಿಕೋನ್ ಆಧಾರಿತ ಬೇರೆಯೇ ವಸ್ತು. ಅದನ್ನು ಮಿಕ್ಕವುಗಳೊಡನೆ ಬೆರೆಸುವಂತಿಲ್ಲ.

ಎರಡನೆಯದು ಪ್ಯಾಡ್. ಲೋಹದ ಪುಡಿಯನ್ನು ಒತ್ತಿ ಬೇಯಿಸಿ ತಯಾರಿಸಿದ ಸಿಂಟರ್ಡ್ ಪ್ಯಾಡ್‌ಗಳು ಹೆಚ್ಚಿನ ಶಾಖದಲ್ಲೂ ಹಿಡಿತ ಕಳೆದುಕೊಳ್ಳುವುದಿಲ್ಲ. ನಿಮ್ಮ ಡಿಸ್ಕ್ ಅವುಗಳಿಗೆ ಹೊಂದುತ್ತದೆಯೇ ಎಂದು ಪ್ಯಾಡ್ ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ. ಹೊಸ ಪ್ಯಾಡ್ ಹಾಕಿದ ದಿನವೇ ಟ್ರ್ಯಾಕಿಗೆ ಇಳಿಯಬಾರದು. ಖಾಲಿ ರಸ್ತೆಯಲ್ಲಿ ಸುಮಾರು 60 ಕಿ.ಮೀ. ವೇಗದಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಹದವಾಗಿ ಎಂಟು ಹತ್ತು ಸಲ ಇಳಿಸಿ, ನಡುವೆ ಆರಲು ಬಿಡಿ. ಪ್ಯಾಡಿನ ಮೇಲ್ಮೈ ಡಿಸ್ಕಿಗೆ ಹೀಗೆ ಕೂಡಿಕೊಳ್ಳಬೇಕು.

ಮೂರನೆಯದು ಹೋಸ್, ಅಂದರೆ ಬ್ರೇಕ್ ಆಯಿಲ್ ಹರಿಯುವ ಕೊಳವೆ. ರಬ್ಬರ್ ಹೋಸ್ ಒತ್ತಡಕ್ಕೆ ಸ್ವಲ್ಪ ಉಬ್ಬುತ್ತದೆ. ಉಕ್ಕಿನ ಹೆಣಿಗೆಯಿರುವ ಹೋಸ್ ಉಬ್ಬುವುದಿಲ್ಲ, ಲಿವರಿನ ಸ್ಪರ್ಶ ಖಚಿತವಾಗುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಹೋಸ್ ಎಳೆಯುವುದಾಗಲಿ, ಚಕ್ರಕ್ಕೆ ತಾಗುವುದಾಗಲಿ ಆಗಬಾರದು. ಜೋಡಿಸುವಾಗ ತಾಮ್ರದ ವಾಷರ್‌ಗಳನ್ನು ಹೊಸದಾಗಿಯೇ ಹಾಕಿ. ಗಟ್ಟಿ ಬ್ರೇಕಿನಲ್ಲಿ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇರುವ ಬೈಕಾದರೆ ಬ್ರೇಕ್ ಆಯಿಲಿನೊಳಗಿನ ಗಾಳಿ ತೆಗೆಯುವ ಕೆಲಸವನ್ನು ಅದು ಬಲ್ಲವರಿಂದ ಮಾಡಿಸಿ, ಗಾಳಿ ಎಬಿಎಸ್ ಘಟಕದೊಳಗೆ ಉಳಿದುಬಿಡಬಹುದು. ಎಬಿಎಸ್ಸನ್ನೇ ಕಿತ್ತು ಹಾಕುವ ಸಲಹೆ ಬಂದರೆ ಕಲಿಯುವ ಹಂತದಲ್ಲಿ ಅದಕ್ಕೆ ಕಿವಿಗೊಡಬೇಡಿ.

4. ಟೈರು

ಗ್ರಿಪ್ ಹೆಚ್ಚಿರುವ ಸ್ಪೋರ್ಟ್ ರೇಡಿಯಲ್ ಟೈರುಗಳೇ ಆರಂಭಕ್ಕೆ ಸರಿ. ಮೊದಲ ತಲೆಮಾರಿನ ಆರ್‌ಸಿ 390ಯಲ್ಲಿ ಮುಂದೆ 110/70, ಹಿಂದೆ 150/60 ಅಳತೆಯ 17 ಇಂಚಿನ ಟೈರುಗಳಿವೆ (ಮೊದಲ ಅಂಕಿ ಮಿ.ಮೀ.ಗಳಲ್ಲಿ ಅಗಲ). ಆರ್‌ಆರ್ 310ರದ್ದೂ ಅದೇ ಅಳತೆ. ಇದಕ್ಕಿಂತ ಅಗಲದ್ದನ್ನು ಹಿಂದೆ ಹಾಕಿಸುವುದು ನಮ್ಮಲ್ಲಿ ಬಲು ಸಾಮಾನ್ಯವಾದ ತಪ್ಪು. ರಿಮ್ಮಿನ ಅಗಲ ಅಷ್ಟೇ ಇರುವುದರಿಂದ ಟೈರಿನ ಅಂಚುಗಳು ಒಳಕ್ಕೆ ಸೆಳೆದುಕೊಂಡು ಅದರ ದುಂಡು ಆಕಾರ ಕೆಡುತ್ತದೆ, ಬೈಕು ಬಾಗಲು ಹಿಂಜರಿಯುತ್ತದೆ. ಸ್ಲಿಕ್ ಟೈರು, ಅಂದರೆ ಗೀರುಗಳೇ ಇಲ್ಲದ ರೇಸ್ ಟೈರು, ಕೆಲಸ ಮಾಡಲು ವಾರ್ಮರ್ ಹೊದಿಸಿ ಮೊದಲೇ ಕಾಯಿಸಬೇಕು. ತಣ್ಣಗಿದ್ದಾಗ ಅದು ರಸ್ತೆ ಟೈರಿಗಿಂತ ಹೆಚ್ಚು ಅಪಾಯಕಾರಿ.

ಗಾಳಿಯ ಒತ್ತಡಕ್ಕೆ ಟೈರು ತಯಾರಕರು ಟ್ರ್ಯಾಕ್ ಬಳಕೆಗೆ ಕೊಟ್ಟ ಅಂಕಿಯೇ ಪ್ರಮಾಣ. ಅದು ಸಿಗದಿದ್ದರೆ ರಸ್ತೆಯ ಒತ್ತಡಕ್ಕಿಂತ 2 ಪಿಎಸ್ಐ ಇಳಿಸಿ ಆರಂಭಿಸಿ, ಸೆಷನ್ ಮುಗಿಸಿ ಬಂದ ಕ್ಷಣವೇ ಮತ್ತೆ ಅಳೆಯಿರಿ. ತೀರಾ ಕಡಿಮೆ ಒತ್ತಡದ ಟೈರು ಹೆಚ್ಚು ಮಡಚಿ ಹೆಚ್ಚು ಕಾಯುತ್ತದೆ, ಆಗ ಒತ್ತಡ ವಿಪರೀತ ಏರುತ್ತದೆ. ಏರಿಕೆ ಬಹಳ ಕಂಡರೆ ನೀವು ಬೇಕಾದ್ದಕ್ಕಿಂತ ಕಡಿಮೆಯಿಂದ ಆರಂಭಿಸಿದ್ದೀರಿ ಎಂದರ್ಥ. ಚೆನ್ನೈಯ ಬಿಸಿಲಿನಲ್ಲಿ ಬೆಳಗಿನ ಏಳರ ಟ್ರ್ಯಾಕೇ ಬೇರೆ, ಮಧ್ಯಾಹ್ನ ಎರಡರ ಟ್ರ್ಯಾಕೇ ಬೇರೆ, ಆದ್ದರಿಂದ ಒಂದೇ ಗೇಜಿನಿಂದ ದಿನವಿಡೀ ಅಳೆದು ಬರೆದಿಡಿ.

5. ಸಸ್ಪೆನ್ಷನ್

ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ. ಮುಟ್ಟಿದವರಲ್ಲೂ ಅನೇಕರು ಗಟ್ಟಿ ಮಾಡಿದಷ್ಟೂ ಒಳ್ಳೆಯದೆಂದು ನಂಬಿರುತ್ತಾರೆ. ಮೂರು ಪದಗಳನ್ನು ಮೊದಲು ತಿಳಿದುಕೊಳ್ಳಿ. ಪ್ರೀಲೋಡ್ ಎಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಅದುಮಿ ಇಟ್ಟಿದೆ ಎಂಬುದು. ಕಂಪ್ರೆಷನ್ ಡ್ಯಾಂಪಿಂಗ್ ಎಂದರೆ ಅದು ಕುಗ್ಗುವ ವೇಗದ ನಿಯಂತ್ರಣ. ರೀಬೌಂಡ್ ಡ್ಯಾಂಪಿಂಗ್ ಎಂದರೆ ಕುಗ್ಗಿದ್ದು ಮರಳಿ ಏಳುವ ವೇಗದ ನಿಯಂತ್ರಣ. ಪ್ರೀಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕಿನ ಎತ್ತರ ಮಾತ್ರ ಬದಲಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲ ಕೆಲಸ ಸ್ಯಾಗ್ ಅಳೆಯುವುದು. ಸವಾರ ಕುಳಿತಾಗ ಸಸ್ಪೆನ್ಷನ್ ಎಷ್ಟು ಇಳಿಯುತ್ತದೆ ಎಂಬ ಅಳತೆಗೆ ಈ ಹೆಸರು. ಇದಕ್ಕೆ ಒಂದು ಟೇಪು, ಇಬ್ಬರು ಸ್ನೇಹಿತರು ಬೇಕು. ಚಕ್ರ ನೆಲ ಬಿಡುವಂತೆ ಎತ್ತಿ, ಫೋರ್ಕಿನ ಹೊಳೆಯುವ ಕೊಳವೆಯ ಉದ್ದ ಅಳೆದುಕೊಳ್ಳಿ. ಹಿಂದೆ ಆಕ್ಸಲ್‌ನಿಂದ ನೇರ ಮೇಲೆ ಬಾಡಿಯ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ನೀವು ಜಾಕೆಟ್, ಬೂಟು, ಹೆಲ್ಮೆಟ್ ಸಮೇತ ಸವಾರಿಯ ಭಂಗಿಯಲ್ಲಿ ಕುಳಿತುಕೊಳ್ಳಿ, ಒಬ್ಬರು ಬೈಕು ಹಿಡಿದುಕೊಳ್ಳಲಿ. ಇನ್ನೊಬ್ಬರು ಬೈಕನ್ನು ಒಮ್ಮೆ ಕೆಳಕ್ಕೆ ಅದುಮಿ ನಿಧಾನ ಏಳಲು ಬಿಟ್ಟು, ಮತ್ತೊಮ್ಮೆ ಮೇಲೆತ್ತಿ ನಿಧಾನ ಇಳಿಯಲು ಬಿಟ್ಟು, ಎರಡು ಸಲವೂ ಅಳೆದು ಸರಾಸರಿ ತೆಗೆಯಲಿ. ಸೀಲುಗಳ ಘರ್ಷಣೆಯಿಂದ ಎರಡು ಅಳತೆಗಳು ಬೇರೆಯಾಗುವುದು ಸಹಜ. ಮೊದಲ ಅಳತೆಯಿಂದ ಈ ಸರಾಸರಿಯನ್ನು ಕಳೆದರೆ ಬರುವುದೇ ಸ್ಯಾಗ್. ಟ್ರ್ಯಾಕಿಗೆ ಇದು ಒಟ್ಟು ಚಲನೆಯ ಶೇ. 25ರಿಂದ 30ರ ಆಸುಪಾಸಿನಲ್ಲಿರಬೇಕು. ಫೋರ್ಕಿನ ಚಲನೆ 120 ಮಿ.ಮೀ. ಇದ್ದರೆ 30ರಿಂದ 36 ಮಿ.ಮೀ.

ಸವಾರನೊಂದಿಗಿನ ಸ್ಯಾಗ್ ಸರಿಯಿದ್ದೂ, ಸವಾರನಿಲ್ಲದೆ ಬೈಕು ತನ್ನ ಭಾರಕ್ಕೆ ಒಂದಿಷ್ಟೂ ಇಳಿಯದಿದ್ದರೆ, ನಿಮ್ಮ ತೂಕಕ್ಕೆ ಸ್ಪ್ರಿಂಗ್ ಮೃದುವಾಗಿದೆ, ಪ್ರೀಲೋಡಿನಿಂದ ಅದನ್ನು ಮುಚ್ಚಲಾಗಿದೆ. ಆಗ ಸ್ಪ್ರಿಂಗನ್ನೇ ಬದಲಿಸಬೇಕು. ಬೈಕ್ ತಯಾರಕರು ಪಿಲಿಯನ್ ಕೂರುವುದನ್ನೂ, ಗುಂಡಿ ರಸ್ತೆಯನ್ನೂ ಲೆಕ್ಕ ಹಾಕಿ ಸ್ಪ್ರಿಂಗ್ ಆರಿಸಿರುತ್ತಾರೆ, ನಿಮ್ಮೊಬ್ಬರ ಟ್ರ್ಯಾಕ್ ಸವಾರಿಗೆ ಅಲ್ಲ.

ಹಲವು ಬೈಕುಗಳ ಫೋರ್ಕಿನಲ್ಲಿ ಡ್ಯಾಂಪಿಂಗ್ ಹೊಂದಿಸಲು ತಿರುಗಿಸುವ ಸ್ಕ್ರೂ ಇರುವುದಿಲ್ಲ. ಅವಕ್ಕೆ ಫೋರ್ಕ್ ಆಯಿಲೇ ಉಪಾಯ. ಸ್ವಲ್ಪ ದಪ್ಪನೆಯ ಆಯಿಲ್ ಹಾಕಿದರೆ ಕುಗ್ಗುವುದೂ ಏಳುವುದೂ ಎರಡೂ ನಿಧಾನವಾಗುತ್ತವೆ. ಆಯಿಲ್ ಮಟ್ಟವನ್ನು ಕೆಲವೇ ಮಿಲಿಮೀಟರ್ ಏರಿಸಿದರೆ ಮೇಲಿನ ಗಾಳಿಯ ಜಾಗ ಕಡಿಮೆಯಾಗಿ ಚಲನೆಯ ಕೊನೆಯಲ್ಲಿ ಬಿಗಿ ಹೆಚ್ಚುತ್ತದೆ. ಆಯಿಲ್ ಮಟ್ಟವನ್ನು ತಯಾರಕರ ಮಿತಿ ಮೀರಿ ಏರಿಸಿದರೆ ಸೀಲ್ ಕಿತ್ತು ಬರುತ್ತದೆ. ಕೊಳವೆಗೆ ಒಂದು ಕೇಬಲ್ ಟೈ ಕಟ್ಟಿ ಓಡಿಸಿ ಬನ್ನಿ. ಗಟ್ಟಿ ಬ್ರೇಕಿನಲ್ಲಿ ಫೋರ್ಕು ಎಲ್ಲಿಯವರೆಗೆ ಇಳಿದಿತ್ತೆಂದು ಅದು ತೋರಿಸುತ್ತದೆ. ಕೊನೆಯ ಒಂದೆರಡು ಸೆಂಟಿಮೀಟರ್ ಉಳಿದಿದ್ದರೆ ಚಲನೆಯ ಬಳಕೆ ಸರಿಯಾಗಿದೆ. ಪೂರ್ತಿ ತಳ ಮುಟ್ಟಿದ್ದರೆ ಮೃದು, ಅರ್ಧಕ್ಕೇ ನಿಂತಿದ್ದರೆ ಗಟ್ಟಿ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಸುಧಾರಣೆ ಯಾವುದರಿಂದ ಬಂತೆಂದು ನಿಮಗೂ ತಿಳಿಯುವುದಿಲ್ಲ, ಸಹಾಯಕ್ಕೆ ಬಂದವರಿಗೂ ತಿಳಿಯುವುದಿಲ್ಲ.

6. ಕೂರುವ ಭಂಗಿ ಮತ್ತು ಬಿದ್ದಾಗಿನ ರಕ್ಷಣೆ

ಮೂಲ ಫುಟ್‌ರೆಸ್ಟ್ ತಿರುವಿನಲ್ಲಿ ನೆಲಕ್ಕೆ ಉಜ್ಜಲು ಆರಂಭಿಸಿದ ಮೇಲೆ ರಿಯರ್ ಸೆಟ್, ಅಂದರೆ ಹಿಂದಕ್ಕೂ ಮೇಲಕ್ಕೂ ಸರಿಸಿದ ಫುಟ್‌ರೆಸ್ಟ್ ಜೋಡಿ ಹಾಕಿಸಿ, ಅದಕ್ಕೂ ಮೊದಲು ಬೇಡ. ಟ್ಯಾಂಕಿನ ಎರಡೂ ಬದಿಗೆ ಮಂಡಿ ಜಾರದಂತೆ ರಬ್ಬರ್ ಪ್ಯಾಡ್ ಅಂಟಿಸುವುದು ಮಾತ್ರ ಮೊದಲ ದಿನವೇ ಆಗಬೇಕಾದ ಕೆಲಸ. ಬ್ರೇಕ್ ಹಿಡಿದಾಗ ದೇಹದ ಭಾರವನ್ನು ಮಂಡಿ ತಡೆದರೆ ಕೈಗಳು ಹಗುರವಾಗಿ ಉಳಿಯುತ್ತವೆ. ಕ್ಲಿಪ್‌ಆನ್ ಹ್ಯಾಂಡಲ್, ಅಂದರೆ ಫೋರ್ಕಿನ ಕೊಳವೆಗಳಿಗೇ ಬಿಗಿಯುವ ಎರಡು ಬಿಡಿ ಹ್ಯಾಂಡಲ್, ತಗ್ಗಿಸಿದ್ದರೆ, ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ರಕ್ಷಣೆಗೆ ಫ್ರೇಮ್ ಸ್ಲೈಡರ್ (ಬಿದ್ದಾಗ ಮೊದಲು ನೆಲಕ್ಕೆ ತಾಗುವಂತೆ ಫ್ರೇಮಿನ ಪಕ್ಕಕ್ಕೆ ಬಿಗಿಯುವ ಗೂಟ), ಎಂಜಿನ್ ಕೇಸಿನ ಕವರ್, ಬ್ರೇಕ್ ಲಿವರ್ ಗಾರ್ಡ್ ಈ ಮೂರೂ ಬೇಕು. ದುಬಾರಿ ಮೂಲ ಫೇರಿಂಗನ್ನು, ಅಂದರೆ ಬೈಕಿನ ಹೊರಕವಚವನ್ನು, ಬಿಚ್ಚಿ ಮನೆಯಲ್ಲಿಟ್ಟು ಫೈಬರ್ ಫೇರಿಂಗ್ ಹಾಕಿಕೊಳ್ಳುವುದು ಟ್ರ್ಯಾಕ್ ಬೈಕಿಗೆ ಉಳಿತಾಯದ ದಾರಿ. ಸೈಡ್ ಸ್ಟ್ಯಾಂಡ್ ತೆಗೆಯುವಾಗ ಅದರ ಸ್ವಿಚ್ಚಿನ ಬಗ್ಗೆ ಎಚ್ಚರ: ಸ್ಟ್ಯಾಂಡ್ ಇಳಿದಿದೆ ಎಂದು ಭಾವಿಸಿ ಗೇರಿಗೆ ಹಾಕಿದೊಡನೆ ಎಂಜಿನ್ ನಿಂತುಹೋಗುವ ಬೈಕುಗಳಿವೆ.

7. ಸೋರಿಕೆ ಮತ್ತು ಸೇಫ್ಟಿ ವೈರ್

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಸೇಫ್ಟಿ ವೈರ್ ಎಂದರೆ ಬೋಲ್ಟಿನ ತಲೆಯಲ್ಲಿ ಸಣ್ಣ ತೂತು ಕೊರೆದು, ಸುಮಾರು 0.8 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ತಂತಿ ಪೋಣಿಸಿ, ಹೆಣೆದು, ಪಕ್ಕದ ಗಟ್ಟಿ ಜಾಗಕ್ಕೆ ಕಟ್ಟುವುದು. ತಂತಿ ಬೋಲ್ಟನ್ನು ಬಿಗಿಯುವ ದಿಕ್ಕಿಗೆ ಎಳೆಯುತ್ತಿರಬೇಕು. ಸಡಿಲಾಗುವ ದಿಕ್ಕಿಗೆ ಕಟ್ಟಿದ ತಂತಿಯಿಂದ ಏನೂ ಪ್ರಯೋಜನವಿಲ್ಲ. ಡ್ರೇನ್ ಬೋಲ್ಟು, ಆಯಿಲ್ ಹಾಕುವ ಮುಚ್ಚಳ, ಆಯಿಲ್ ಫಿಲ್ಟರ್ ಅಥವಾ ಅದರ ಕವರಿನ ಬೋಲ್ಟುಗಳು, ಬ್ರೇಕ್ ಕ್ಯಾಲಿಪರ್ ಬೋಲ್ಟುಗಳು ಇವಿಷ್ಟಕ್ಕೆ ಕಟ್ಟಲೇಬೇಕು. ಉಕ್ಕಿನ ಬೋಲ್ಟಿನಲ್ಲಿ ಇಷ್ಟು ಸಣ್ಣ ತೂತು ಕೊರೆಯುವಾಗ ಕೈ ಡ್ರಿಲ್ಲಿನಲ್ಲಿ ಬಿಟ್ ಮುರಿಯುತ್ತಲೇ ಇರುತ್ತದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಯಾವುದಾದರೂ ಲೇತ್ ಅಂಗಡಿಯಲ್ಲಿ ಒಮ್ಮೆಗೇ ಎಲ್ಲ ಬೋಲ್ಟುಗಳನ್ನು ಕೊಟ್ಟು ಮಾಡಿಸುವುದು ಸುಲಭ.

ರೇಸಿಗೂ ಇಳಿಯುವ ಉದ್ದೇಶವಿದ್ದರೆ ಇನ್ನೆರಡು ಸಂಗತಿಗಳಿವೆ. ಎಂಜಿನ್ ತಣಿಸುವ ಸಾಮಾನ್ಯ ಕೂಲಂಟಿನಲ್ಲಿರುವ ಗ್ಲೈಕಾಲ್ ಟ್ರ್ಯಾಕಿನ ಮೇಲೆ ಚೆಲ್ಲಿದರೆ ಬೇಗ ಆರದೆ ಜಾರಿಕೆಯಾಗಿ ಉಳಿಯುತ್ತದೆ, ಆದ್ದರಿಂದ ರೇಸುಗಳಲ್ಲಿ ಡಿಸ್ಟಿಲ್ಡ್ ನೀರನ್ನು ಬಳಸುತ್ತಾರೆ. ಫೇರಿಂಗಿನ ಕೆಳಭಾಗವೂ ಎಂಜಿನ್ ಒಡೆದರೆ ಅದರ ಆಯಿಲ್ ಮತ್ತು ಕೂಲಂಟಿನ ಕನಿಷ್ಠ ಅರ್ಧದಷ್ಟನ್ನು ಹಿಡಿದಿಡುವ ತೊಟ್ಟಿಯಂತಿರಬೇಕೆಂಬುದು ಅಂತರರಾಷ್ಟ್ರೀಯ ರೇಸ್ ನಿಯಮ.

8. ಚೈನು, ಗೇರಿಂಗ್ ಮತ್ತು ಕೊನೆಗೆ ಎಂಜಿನ್ನು

ಶಕ್ತಿ ಹೆಚ್ಚಿಸದೆ ವೇಗೋತ್ಕರ್ಷ ಹೆಚ್ಚಿಸಲು ಸ್ಪ್ರಾಕೆಟ್, ಅಂದರೆ ಚೈನು ಓಡುವ ಹಲ್ಲುಚಕ್ರ, ಬದಲಿಸುವುದು ಸಾಕು. ಮುಂದೆ 15, ಹಿಂದೆ 45 ಹಲ್ಲುಗಳಿದ್ದರೆ ಅನುಪಾತ 3. ಮುಂದಿನದನ್ನು 14 ಮಾಡಿದರೆ 3.21, ಹಿಂದಿನದನ್ನು 48 ಮಾಡಿದರೆ 3.2. ಮುಂದೆ ಒಂದು ಹಲ್ಲು ಕಡಿಮೆ ಮಾಡುವುದೂ ಹಿಂದೆ ಮೂರು ಹೆಚ್ಚಿಸುವುದೂ ಹೆಚ್ಚು ಕಡಿಮೆ ಒಂದೇ. ಇದರಿಂದ ಗರಿಷ್ಠ ವೇಗ ಇಳಿಯುತ್ತದೆ. ಕರಿ ಸ್ಪೀಡ್‌ವೇಯಲ್ಲಿ ಅದು ನಷ್ಟವಲ್ಲ, ಆದರೆ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನ ಒಂದು ಕಿ.ಮೀ.ಗೂ ಮಿಕ್ಕಿದ ನೇರ ಹಾದಿಯಲ್ಲಿ ಅದೇ ಗೇರಿಂಗ್ ನಿಮ್ಮನ್ನು ಅರ್ಧದಾರಿಯಲ್ಲೇ ಎಂಜಿನ್ ಮಿತಿಮೀರಿ ಸುತ್ತದಂತೆ ತಡೆಯುವ ರೆವ್ ಲಿಮಿಟರಿಗೆ ತಗುಲಿಸಬಹುದು. ಚೈನನ್ನು ಅತಿ ಬಿಗಿಯಾಗಿ ಇಡಬೇಡಿ. ಸವಾರ ಕುಳಿತು ಸ್ವಿಂಗ್ ಆರ್ಮ್ ಏರಿದಾಗ ಅದು ಇನ್ನೂ ಬಿಗಿಯುತ್ತದೆ.

ಎಕ್ಸಾಸ್ಟ್, ಏರ್ ಫಿಲ್ಟರ್, ಇಸಿಯು ಮ್ಯಾಪ್ ಈ ಮೂರನ್ನೂ ಒಟ್ಟಿಗೆ ಮಾಡಿಸಿದರೆ ಮಾತ್ರ ಅರ್ಥವಿದೆ. ಇಸಿಯು ಎಂದರೆ ಇಂಧನ ಮತ್ತು ಕಿಡಿಯ ಹೊತ್ತನ್ನು ನಿರ್ಧರಿಸುವ ಎಲೆಕ್ಟ್ರಾನಿಕ್ ಘಟಕ. ಎಕ್ಸಾಸ್ಟ್ ಮಾತ್ರ ಬದಲಿಸಿ ಮ್ಯಾಪ್ ಹಾಗೆಯೇ ಬಿಟ್ಟರೆ ಗಾಳಿಗೆ ತಕ್ಕ ಪೆಟ್ರೋಲ್ ಸಿಗದೆ ಎಂಜಿನ್ ಮಿತಿಮೀರಿ ಕಾಯಬಹುದು. ಚಿಕ್ಕ ಎಂಜಿನ್ನುಗಳಲ್ಲಿ ಇದರಿಂದ ಸಿಗುವ ಲಾಭ ಸಣ್ಣದು. ಅಷ್ಟೇ ಹಣಕ್ಕೆ ಇನ್ನೆರಡು ಟ್ರ್ಯಾಕ್ ದಿನಗಳ ಶುಲ್ಕ ಕಟ್ಟಿದರೆ ಸುತ್ತಿನ ಸಮಯ ಹೆಚ್ಚು ಇಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

9. ಹಿಂದಿನ ದಿನ ಮತ್ತು ಟ್ರ್ಯಾಕಿನ ದಿನ

ಹಿಂದಿನ ದಿನ ಹೊಸ ಭಾಗ ಜೋಡಿಸಬೇಡಿ. ಜೋಡಿಸಿದ ಎಲ್ಲವನ್ನೂ ಕನಿಷ್ಠ ಒಂದು ವಾರ ಮೊದಲು ಮುಗಿಸಿ, ಎಂಜಿನ್ ಕಾಯಿಸಿ, ಕೆಳಗೆ ಬಿಳಿ ಕಾಗದ ಹಾಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹನಿ ಬಿದ್ದಿದೆಯೇ ನೋಡಿ. ಗೂಡ್ಸ್ ಟೆಂಪೋದಲ್ಲಿ ಸಾಗಿಸುವಾಗ ಪಟ್ಟಿಗಳನ್ನು ಫೇರಿಂಗಿಗಾಗಲಿ ಬ್ರೇಕ್ ಹೋಸಿಗಾಗಲಿ ತಾಗದಂತೆ ಕಟ್ಟಿ, ಫೋರ್ಕನ್ನು ಅರ್ಧಕ್ಕಿಂತ ಹೆಚ್ಚು ಅದುಮಬೇಡಿ.

ಟ್ರ್ಯಾಕಿಗೆ ಇಳಿಯುವ ಮೊದಲು ಸ್ಕ್ರುಟಿನಿ ಇರುತ್ತದೆ, ಅಂದರೆ ಸಂಘಟಕರು ಬೈಕನ್ನು ಪರೀಕ್ಷಿಸುತ್ತಾರೆ. ಕನ್ನಡಿ ತೆಗೆದಿರಬೇಕು, ದೀಪಗಳ ಗಾಜಿಗೆ ಟೇಪ್ ಅಂಟಿಸಿರಬೇಕು, ಬಿಟ್ಟೊಡನೆ ಆಕ್ಸಿಲರೇಟರ್ ತಾನಾಗಿ ಮುಚ್ಚಬೇಕು, ಎಂಜಿನ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ ಕೆಲಸ ಮಾಡಬೇಕು, ಹ್ಯಾಂಡಲಿನ ತುದಿಗಳು ತೆರೆದಿರಬಾರದು. ಲೆದರ್ ಸೂಟು, ಬೆನ್ನಿನ ರಕ್ಷಕ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಇವನ್ನೂ ನೋಡುತ್ತಾರೆ.

ಮೊದಲ ಸೆಷನ್ನನ್ನು ಬೈಕಿನ ಪರೀಕ್ಷೆಗೆಂದೇ ಮೀಸಲಿಡಿ. ನಿಧಾನವಾಗಿ ಓಡಿಸಿ ಬಂದು ಪೇಂಟ್ ಗೆರೆಗಳು, ಬ್ರೇಕ್ ಲಿವರಿನ ಗಟ್ಟಿತನ, ಚೈನಿನ ಸಡಿಲು, ಆಯಿಲ್ ಮಟ್ಟ ಇವನ್ನು ನೋಡಿ, ಆಮೇಲೆ ವೇಗದ ಬಗ್ಗೆ ಯೋಚಿಸಿ. ಪ್ರತಿ ಸೆಷನ್ನಿನ ನಂತರ ಇದೇ ಪರೀಕ್ಷೆ ಮುಂದುವರಿಯಲಿ. ಲಿವರ್ ಮೆತ್ತಗಾಗುತ್ತಿದ್ದರೆ, ಪ್ಯಾಡಿನ ದಪ್ಪ 2 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ, ಎಲ್ಲಿಯಾದರೂ ಆಯಿಲ್ ಜಿನುಗುತ್ತಿದ್ದರೆ ಆ ದಿನದ ಸವಾರಿಯನ್ನು ಅಲ್ಲಿಗೇ ನಿಲ್ಲಿಸಿ. ರಸ್ತೆಯಲ್ಲೇ ಮರಳುವವರು ಕನ್ನಡಿ, ನಂಬರ್ ಪ್ಲೇಟ್, ಸೈಡ್ ಸ್ಟ್ಯಾಂಡ್ ಮತ್ತೆ ಜೋಡಿಸಿ, ಟೈರು ತಣ್ಣಗಾದ ಮೇಲೆ ಗಾಳಿಯನ್ನು ರಸ್ತೆಯ ಒತ್ತಡಕ್ಕೆ ತುಂಬಿಸಿ, ಆ ರಾತ್ರಿ ಅಲ್ಲೇ ತಂಗಿ ಮರುದಿನ ಬೆಳಿಗ್ಗೆ ಹೊರಡಿ.